ರುಮಾಲು ಬಿಚ್ಚಿದ ಅಕ್ಷರಗಳು

ನಮ್ಮ ಮಾಮಾನಷ್ಟು ದೊಡ್ಡ ಬರಹಗಾರರು ಪುಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಬರೆದದ್ದನ್ನು ದಿನಕ್ಕೆ ಸಾವಿರಾರು ಜನ ನೋಡುತ್ತಿದ್ದರು. ಓದುತ್ತಿದ್ದರೇ ಎಂದು ಮಾತ್ರ ಕೇಳಬೇಡಿ! ಒಂದೊಂದು ಅಕ್ಷರವೂ ಒಂದೂವರೆ ಅಡಿ ಎತ್ತರ, ನಾಲ್ಕು ಬೆರಳು ದಪ್ಪ. ರಸ್ತೆಯ ಆಚೆ ಬದಿಯಿಂದಲೂ ಎದ್ದು ಕಾಣುತ್ತಿತ್ತು. ಕಾಣುತ್ತಿದ್ದದ್ದು ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟೇ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಬಿಜಾಪುರದ ಕಡೆಯಿಂದ ಬಂದು, ಮಾರ್ಕೆಟ್ ಯಾರ್ಡಿನ ಹತ್ತಿರ ಸಣ್ಣದೊಂದು ಅಂಗಡಿ ಹಿಡಿದು, ಬೋರ್ಡು ಬರೆಯುತ್ತಿದ್ದರು. ಮರಾಠಿ, ಇಂಗ್ಲಿಷು, ಕನ್ನಡ, ಯಾವುದಾದರೂ ಸರಿ. ತೊಂಬತ್ತರ ದಶಕ ಶುರುವಾಗುವವರೆಗೆ ಅವರ ಅಕ್ಷರವೂ ಎಲ್ಲ ಪೇಂಟರುಗಳ ಅಕ್ಷರದಂತೆಯೇ ಇತ್ತು. ಮುದ್ದಾಗಿ, ಮೈತುಂಬಿ, ಪಕ್ಕಕ್ಕೊಂದು ನೆರಳು ಬಿಟ್ಟುಕೊಂಡು ನಿಂತಿರುತ್ತಿತ್ತು. ವ್ಯಾಪಾರಿಗಳು ಹುಡುಕಿಕೊಂಡು ಬರುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ಮಾಮಾ ಒಂದು ದಿನ ಪುಣೆಯ ಹೊರಗಿನ ಚಾಕಣಕ್ಕೆ ಹೋದರು.

ಆಗ ಚಾಕಣದ ಕಡೆ ಹೊಸ ಕಾರ್ಖಾನೆಗಳು ಏಳುತ್ತಿದ್ದವು. ಮೋಟಾರಿನ ಬಿಡಿಭಾಗ ಮಾಡುವವರೊಬ್ಬರು ಗೋಡೆಯ ಮೇಲೆ ‘ಬೀಡಿ ಸೇದಬಾರದು’ ಎಂದು ಬರೆಸಲು ಮಾಮಾನನ್ನು ಕರೆಸಿದ್ದರು. ಅಲ್ಲಿ, ಹೊರದೇಶದಿಂದ ಬಂದಿಳಿದ ಒಂದು ಯಂತ್ರದ ಮೈಮೇಲೆ ಅವರು ಆ ಅಕ್ಷರಗಳನ್ನು ಕಂಡರು. ಇಂಗ್ಲಿಷಿನವೇ. ಆದರೆ ಬಾಲವಿಲ್ಲ, ಕುಚ್ಚಿಲ್ಲ, ಎಲ್ಲಿಯೂ ಸಣ್ಣ ಸೊಂಟವಿಲ್ಲ. ತಲೆಯಿಂದ ಕಾಲಿನವರೆಗೆ ಒಂದೇ ದಪ್ಪ. ಸೊನ್ನೆ ಅಂದರೆ ಕೈವಾರದಿಂದ ಎಳೆದ ಪೂರಾ ಸೊನ್ನೆ, ಗೀಟು ಅಂದರೆ ಪಟ್ಟಿ ಇಟ್ಟು ಎಳೆದ ಗೀಟು. ಇನ್ನೂ ಹುಟ್ಟದ ಯಾವುದೋ ಕಾಲದಿಂದ ನೇರ ಇಲ್ಲಿಗೇ ಬಂದು ಇಳಿದಂತೆ ಅವು ನಿಂತಿದ್ದವಂತೆ. ಮಾಮಾ ಬಣ್ಣದ ಡಬ್ಬಿ ಕೆಳಗಿಟ್ಟು, ಆ ಯಂತ್ರದ ಎದುರು ಕುಕ್ಕರುಗಾಲಲ್ಲಿ ಕೂತು, ನೋಡುತ್ತ ನೋಡುತ್ತ ಒಂದು ಬೀಡಿ ಹಚ್ಚಿದರಂತೆ. ಅಲ್ಲಿಗೆ ಆ ಕಾರ್ಖಾನೆಯ ಕೆಲಸ ಮುಗಿಯಿತು.

ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ನಮ್ಮನ್ನೆಲ್ಲ ಕೂಡಿಸಿದರು. ನಾನಾಗ ಕಾಲೇಜು ಮುಗಿಸಿ ವಿಮಾ ಆಫೀಸಿನಲ್ಲಿ ಕ್ಲಾರ್ಕ್ ಆಗಿ ಸೇರಿದ ಹೊಸತು. ಓದಿದವಳೆಂದು ನನ್ನನ್ನೇ ಮುಂದೆ ಕೂರಿಸಿಕೊಂಡರು.

“ನೋಡವಾ, ನಮ್ಮ ಅಕ್ಷರ ಇನ್ನೂ ರುಮಾಲ ಸುತ್ಕೊಂಡು ಚಕ್ಕಡಿ ಒಳಗ ಕುಂತಾವ. ಅವರ ಅಕ್ಷರ ರಾಕೆಟ್ ಹತ್ಯಾವ.”

ರುಮಾಲು ಅಂದರೆ ತಲೆಕಟ್ಟು! ಕನ್ನಡದ ಅಕ್ಷರಗಳ ನೆತ್ತಿಯ ಮೇಲೆ ನೂರಾರು ವರ್ಷ ನೆಮ್ಮದಿಯಿಂದಿದ್ದ ತಲೆಕಟ್ಟನ್ನು ನಮ್ಮ ಮಾಮಾ ಅಂದಿನಿಂದ ಬಿಚ್ಚತೊಡಗಿದರು. ಮರಾಠಿ ಅಕ್ಷರಗಳ ಮೇಲಿನ ಗೆರೆಯನ್ನೂ ಬಿಡಲಿಲ್ಲ. ಉಳಿದದ್ದು ಮೂರೇ: ಇಡೀ ಸೊನ್ನೆ, ಅರ್ಧ ಸೊನ್ನೆ, ನೆಟ್ಟಗಿನ ಗೀಟು. ಈ ಮೂರರಲ್ಲಿ ಜಗತ್ತಿನ ಯಾವ ಮಾತನ್ನಾದರೂ ಬರೆಯಬಹುದು ಎಂಬುದು ಅವರ ಸಿದ್ಧಾಂತ. ಬರೆಯಬಹುದು, ಬೇಡವೆಂದವರು ಯಾರು? ಎರಡು ಸಾವಿರದ ಇಸವಿ ಬರಲಿ, ಊರೆಲ್ಲ ಹೀಗೆಯೇ ಬರೆಯುತ್ತದೆ, ಆಗ ನನ್ನನ್ನು ನೆನೆಯುತ್ತೀರಿ ಎಂದು ಭವಿಷ್ಯವನ್ನೂ ನುಡಿದರು.

ಪ್ರಯೋಗಗಳೆಲ್ಲ ನಡೆದದ್ದು ಅಡುಗೆಮನೆಯಲ್ಲಿ. ಆ ಎರಡು ಕೋಣೆಯ ಮನೆಯಲ್ಲಿ ಸಮನಾದ ಫರಸಿಕಲ್ಲಿನ ನೆಲ ಇದ್ದದ್ದು ಅಲ್ಲಿ ಮಾತ್ರ. ಹಳೆಯ ಕ್ಯಾಲೆಂಡರುಗಳನ್ನು ಮಗುಚಿ ಹಾಸಿಕೊಂಡು, ಅವುಗಳ ಬೆನ್ನ ಮೇಲೆ ಬರೆಯುತ್ತಿದ್ದರು. ದೊಡ್ಡ ಸೊನ್ನೆಗೆ ಕೈವಾರ ಸಾಲುತ್ತಿರಲಿಲ್ಲವಾದ್ದರಿಂದ ಮಾಮಿಯ ಊಟದ ತಾಟು ಬೇಕು, ನಡುವಿನದಕ್ಕೆ ಪಲ್ಯದ ವಾಟಗ, ಸಣ್ಣದಕ್ಕೆ ಕೈಬಳೆ. ಬರೆಯುವಾಗ ಪ್ರತಿಯೊಂದು ಅಕ್ಷರದ ಹೆಸರನ್ನೂ ಕಂಡಕ್ಟರು ಸ್ಟಾಪು ಕೂಗಿದಂತೆ ಗಟ್ಟಿಯಾಗಿ ಕೂಗುವುದು ಅವರ ಚಾಳಿ. “ಸ! ಹ್ಞಾ, ಬಂತು. ಕ!” ಎಂದು ಅವರು ಕೂಗುವುದು, ಮಾಮಿ ಪಕ್ಕದಲ್ಲಿ ರೊಟ್ಟಿ ಬಡಿಯುವುದು, ಎರಡೂ ಒಂದೇ ತಾಳದಲ್ಲಿ ಸಾಗುತ್ತಿದ್ದವು. “‘ರ’ದ ತಾಟ ಕೊಡು” ಎಂದು ಮಾಮಾ ಕೈ ಚಾಚಿದರೆ ಮಾಮಿ ತಿರುಗಿ ಸಹ ನೋಡದೆ ಸರಿಯಾದ ತಾಟನ್ನೇ ಚಾಚುತ್ತಿದ್ದರು. ಆ ಮನೆಯಲ್ಲಿ ನಾವು ಉಂಡ ತಾಟುಗಳಿಗೆಲ್ಲ ನೀಲಿ ಬಣ್ಣದ ಅಂಚಿರುತ್ತಿತ್ತು.

ಮಾಮಿ ಬಿಜಾಪುರದ ಕಡೆಯ ಇಂಡಿ ಪಟ್ಟಣದ ಹತ್ತಿರದ ಒಂದು ಹಳ್ಳಿಯವರು. ಶಾಲೆಯ ಕಟ್ಟೆ ಹತ್ತಿದವರಲ್ಲ. ರೇಶನ್ ಕಾರ್ಡಿನಿಂದ ಹಿಡಿದು ಎಲ್ಲದಕ್ಕೂ ಹೆಬ್ಬೆಟ್ಟು. ಅವರ ಅಡುಗೆಮನೆಯ ತುಂಬ ಮಾತ್ರ ಅಕ್ಷರವೋ ಅಕ್ಷರ! ಬರೆದು ಬಿಸಾಡಿದ ಹಾಳೆಗಳನ್ನು ಅವರು ಗೋಡೆಯ ಮಾಡಗಳಿಗೆ ಹಾಸಿಕೊಂಡಿದ್ದರು. ಸಾಲದೆಂದು ಮಾಮಾ ಡಬ್ಬಿಗಳ ಮೇಲೆಲ್ಲ ಬರೆದಿದ್ದರು. ಸಕ್ಕರೆ, ಅವಲಕ್ಕಿ, ಹೆಸರುಕಾಳು, ಉಪ್ಪು, ಒಂದೊಂದು ಅಕ್ಷರವೂ ಅಂಗೈಯಷ್ಟು. ಓದು ಬಾರದವಳ ಅಡುಗೆಮನೆಯಲ್ಲಿ ಈ ಬೋರ್ಡು ಯಾರಿಗೆ, ಇಲಿಗಳಿಗೋ ಎಂದು ನನ್ನ ಅವ್ವ ಕೇಳುತ್ತಿದ್ದಳು. ಮಾಮಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕು ಸುಮ್ಮನಾಗುತ್ತಿದ್ದರು.

ಇನ್ನು ಮಾರ್ಕೆಟ್ ಯಾರ್ಡಿಗೆ ಬರೋಣ. ಹೊಸ ಅಕ್ಷರದ ಮೊದಲ ಬೋರ್ಡು ಬಿದ್ದದ್ದು ನಮ್ಮೂರ ಕಡೆಯವರೇ ಆದ ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಯ ಗಾಳೆಯ ಮೇಲೆ. ಗಾಳೆ ಅಂದರೆ ಯಾರ್ಡಿನ ಮಳಿಗೆ. ಮರುದಿನ ಇಂದಾಪುರದಿಂದ ಅವರ ಮಾಲು ಹೊತ್ತ ಲಾರಿ ಬಂತು. ಡ್ರೈವರು ಸಾಲಿನ ಈ ತುದಿಯಿಂದ ಆ ತುದಿಗೆ ಮೂರು ಸಲ ಅಡ್ಡಾಡಿದ. ನಾಲ್ಕನೆಯ ಸಲ ಆ ಬೋರ್ಡಿನ ಕೆಳಗೇ ಲಾರಿ ನಿಲ್ಲಿಸಿ, ಮಾಲೀಕರನ್ನೇ ಕರೆದು, ಇಂಥಿಂಥವರ ಗಾಳೆ ಎಲ್ಲಿದೆ ಎಂದು ಕೇಳಿದ. ಮಾಲೀಕರು ಅಲ್ಲಿಂದ ನೇರ ಮಾಮಾನ ಅಂಗಡಿಗೆ ಬಂದರು. ಮಾಮಾ ಎಳ್ಳಷ್ಟೂ ಅಳುಕಲಿಲ್ಲ. ಡ್ರೈವರನಿಗೆ ಇನ್ನೂ ಕಾಲ ತಿಳಿದಿಲ್ಲ, ಸ್ವಲ್ಪ ತಾಳಿ ಎಂದರು. ವ್ಯಾಪಾರಿಗೆ ತಾಳುವ ಅಭ್ಯಾಸವಿಲ್ಲ. ಉಳ್ಳಾಗಡ್ಡಿಯ ಒಂದು ದಪ್ಪ ಹಾರ ಹೆಣೆಸಿ ಬೋರ್ಡಿಗೆ ಕಟ್ಟಿಬಿಟ್ಟರು. ಆಮೇಲೆ ಯಾರೂ ದಾರಿ ತಪ್ಪಲಿಲ್ಲ, ಹಾರದ ಗಾಳೆ ಎಂದೇ ಅದು ಹೆಸರಾಯಿತು. ಹಾರದಿಂದಾಗಿ ಅಕ್ಷರಗಳ ಕಾಲು ಕಾಣುವುದಿಲ್ಲವಲ್ಲ ಎಂಬ ಕೊರಗು ಮಾಮಾನಿಗೆ ಉಳಿಯಿತು.

ಎರಡನೆಯ ಬಲಿ ಕುಂದಾಪುರದ ಕಡೆಯ ಒಬ್ಬ ಹೋಟೆಲಿನವರು. ತಿಂಡಿಗಳ ಪಟ್ಟಿಯನ್ನು ಮಾಮಾನಿಂದ ಬರೆಸಿ ಗೋಡೆಗೆ ಹಾಕಿದರು. ತಿಂಗಳು ಕಳೆದ ಮೇಲೆ ನಾನು ಮಾಮಾನ ಜೊತೆ ಅಲ್ಲಿಗೆ ಹೋದಾಗ, ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಮಾಲೀಕರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಮಾಮಾನ ಕೈ ಹಿಡಿದುಕೊಂಡರು.

“ಎಂತ ಬರ್ದ್ರಿ ಮಾರಾಯ್ರೆ! ಎಲ್ಲರೂ ಶಿರಾವೇ ಕೇಳ್ತಾರಲ್ಲ.”

ವಿಷಯ ಇಷ್ಟು. ಒಳಗೆ ಬಂದವರು ಪಟ್ಟಿ ನೋಡುತ್ತಾರೆ. ಓದಲಾಗುವುದಿಲ್ಲ. ಹಾಗೆಂದು ಒಪ್ಪಿಕೊಳ್ಳಲು ನಾಚಿಕೆ, ಅದೂ ಪುಣೆಯ ಜನಕ್ಕೆ! ಗಂಭೀರವಾಗಿ ಮೇಲಿನ ಸಾಲಿಗೆ ಬೆರಳು ತೋರಿಸಿ, ಅದು ಒಂದು ಪ್ಲೇಟು ಎನ್ನುತ್ತಾರೆ. ಮೇಲಿನ ಸಾಲಿನಲ್ಲಿದ್ದದ್ದು ಶಿರಾ. ಆ ಹೋಟೆಲಿನಲ್ಲಿ ಅಷ್ಟು ಶಿರಾ ಎಂದೂ ಹೋದದ್ದಿಲ್ಲವಂತೆ. ಮಾಮಾ ಮಾತ್ರ ಹಿಗ್ಗಲಿಲ್ಲ. ಶಿರಾ ಎಂದು ಓದಿ ಕೇಳಿದವರು ಒಬ್ಬರಾದರೂ ಇದ್ದಾರೆಯೇ ಎಂದು ವೇಟರುಗಳನ್ನೆಲ್ಲ ವಿಚಾರಿಸಿದರು. ಇರಲಿಲ್ಲ.

ಅವರಿಗೆ ಬೇರೇನೂ ಬೇಕಿರಲಿಲ್ಲ, ನೋಡಿ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ತಮ್ಮ ಅಕ್ಷರವನ್ನು ತಡವರಿಸದೆ, ಇನ್ನೊಬ್ಬರನ್ನು ಕೇಳದೆ ಓದಬೇಕು. ಅದಕ್ಕಾಗಿ ಅಂಗಿಯ ಜೇಬಿನಲ್ಲಿ ಸದಾ ಒಂದು ರಟ್ಟು ಇಟ್ಟುಕೊಂಡಿರುತ್ತಿದ್ದರು, ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಅಂಚೆಯವನು, ರಿಕ್ಷಾದವನು, ಭಾಜಿ ಮಾರುವ ಹೆಂಗಸು, ಸಂಕಷ್ಟಿಗೆ ಬಂದ ಭಟ್ಟರು, ಎಲ್ಲರ ಮೂಗಿನ ಮುಂದೆ ಅದನ್ನು ಹಿಡಿದು ಓದಿಸಲು ನೋಡುತ್ತಿದ್ದರು. ನನಗಂತೂ ವಾರಕ್ಕೊಮ್ಮೆ ಪರೀಕ್ಷೆ. ನಾನು ಬಿ.ಕಾಂ. ಪಾಸಾದವಳು, ಪ್ರತಿ ವಾರವೂ ನಪಾಸು. “ಒಬ್ಬರ ಬಾಯಾಗ ಬಂತಂದ್ರ ಊರ ಬಾಯಾಗ ಬರ್ತದವಾ” ಎನ್ನುತ್ತಿದ್ದರು. ಆ ಒಬ್ಬರು ಸಿಗುತ್ತಿರಲಿಲ್ಲ.

ನನ್ನ ಮದುವೆಯ ಪತ್ರಿಕೆಯನ್ನೂ ಅವರೇ ಬರೆದರು. ಸೋದರಮಾವನ ಹಕ್ಕು, ಬೇಡವೆನ್ನಲಾಗುತ್ತದೆಯೇ? ಬೆಳ್ಳಿಬಣ್ಣದ ಕಾಗದದ ಮೇಲೆ ಕರಿ ಸೊನ್ನೆಗಳು, ಕರಿ ಗೀಟುಗಳು. ಗಣಪತಿಯನ್ನೂ ಒಂದೂವರೆ ಸೊನ್ನೆಯಲ್ಲಿ ಮುಗಿಸಿದ್ದರು. ಮದುವೆಗೆ ಜನ ಹೇಗೆ ಬಂದರೆಂದರೆ, ಅಪ್ಪ ಮನೆಮನೆಗೆ ಹೋಗಿ ಬಾಯಿಂದ ಕರೆದು ಬಂದ. ನನ್ನ ಗಂಡನ ಕಡೆಯ ಸಂಬಂಧಿಕರೊಬ್ಬರು ಮಾತ್ರ ಆ ಪತ್ರಿಕೆಯನ್ನು ಬಹಳ ಜೋಪಾನವಾಗಿ ಇಟ್ಟಿದ್ದರು. ಎರಡು ವರ್ಷ ಬಿಟ್ಟು, ಬೇಸಿಗೆಯಲ್ಲಿ, ಅದರಲ್ಲಿ ಸಾದಾ ಅಂಕಿಯಲ್ಲಿ ಅಚ್ಚಾಗಿದ್ದ ನಂಬರು ನೋಡಿ ನಮ್ಮ ಅಪ್ಪನಿಗೆ ಫೋನು ಮಾಡಿದರು: ನಿಮ್ಮ ಕಂಪನಿಯ ನೀರಿನ ಪಂಪು ಕೆಟ್ಟಿದೆ, ರಿಪೇರಿಗೆ ಯಾವಾಗ ಬರುತ್ತೀರಿ?

ಅಂತೂ ಎರಡು ಸಾವಿರದ ಇಸವಿ ಬಂತು. ಜನವರಿ ಒಂದರ ಬೆಳಿಗ್ಗೆ ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲಕ್ಷ್ಮೀ ರಸ್ತೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬೋರ್ಡುಗಳನ್ನು ನೋಡುತ್ತ ನಡೆದರು. ಅಕ್ಷರಗಳೆಲ್ಲ ಹಿಂದಿನ ದಿನ ಹೇಗಿದ್ದವೋ ಹಾಗೆಯೇ ಇದ್ದವು. ಮಧ್ಯಾಹ್ನ ಬಂದು, ಇಸವಿ ಬಂದದ, ಮಂದಿ ಇನ್ನೂ ಬಂದಿಲ್ಲ ಎಂದು ಹೇಳಿ ಊಟಕ್ಕೆ ಕೂತರು.

ಮಂದಿ ಬರಲಿಲ್ಲ, ಬಂದದ್ದು ಫ್ಲೆಕ್ಸು. ಕಂಪ್ಯೂಟರಿನಲ್ಲಿ ಒತ್ತಿದರೆ ಅರ್ಧ ಗಂಟೆಯಲ್ಲಿ ಮನೆಯೆತ್ತರದ ಬೋರ್ಡು, ಫೋಟೋ ಸಮೇತ! ಯಾರ್ಡಿನ ಗಾಳೆಗಳ ಮೇಲೆ ಒಂದೊಂದಾಗಿ ಫ್ಲೆಕ್ಸು ಏರಿತು. ಹಾರದ ಗಾಳೆಯವರೂ ಬೋರ್ಡು ಇಳಿಸಿದರು. ಹೋಟೆಲಿನ ಶಿರಾ ಪಟ್ಟಿಯೂ ಇಳಿಯಿತು. ಮಾಮಾನನ್ನು ಕರೆಯುವವರು ಇಲ್ಲವಾದರು. ಎರಡು ಸಾವಿರದ ಐದರ ಹೊತ್ತಿಗೆ ಅಂಗಡಿಯ ಬಾಗಿಲು ಮುಚ್ಚಿ, ಬ್ರಶ್ಶುಗಳನ್ನು ಮನೆಗೆ ತಂದಿಟ್ಟರು. ಜೇಬಿನ ರಟ್ಟು ಮಾತ್ರ ಜೇಬಿನಲ್ಲೇ ಇತ್ತು. ಈಗ ಅದನ್ನು ಯಾರ ಮುಂದೆಯೂ ಹಿಡಿಯುತ್ತಿರಲಿಲ್ಲ. ಅದನ್ನು ಕಂಡರೆ ಮೊದಲು ನನಗೆ ಸಿಟ್ಟು ಬರುತ್ತಿತ್ತು, ಆಗ ಸಂಕಟವಾಗತೊಡಗಿತು.

ಆ ವರ್ಷ ನಮ್ಮ ಕಡೆಯ ಕನ್ನಡ ಮಂಡಳಿಯವರು ವಾರ್ಷಿಕ ಸಮಾರಂಭ ಇಟ್ಟುಕೊಂಡಿದ್ದರು. ವೇದಿಕೆಗೆ ಫ್ಲೆಕ್ಸು ಮಾಡಿಸಿದ್ದರು. ಮಧ್ಯಾಹ್ನ ಮೂರಕ್ಕೆ ಅದನ್ನು ಬಿಚ್ಚಿ ನೋಡಿದರೆ, ಕನ್ನಡ ಅಕ್ಷರ ಒಂದೂ ಇಲ್ಲ! ಆ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡದ ಅಚ್ಚಿರಲಿಲ್ಲ. ಅಕ್ಷರಗಳಿರಬೇಕಾದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ, ಡಾಲರು, ನಕ್ಷತ್ರ, ಅರ್ಧಂಬರ್ಧ ಇಂಗ್ಲಿಷು ಬಿದ್ದಿತ್ತು. ಮುದ್ರಿಸಿದ ಮರಾಠಿ ಹುಡುಗ ಕನ್ನಡ ಹೀಗೆಯೇ ಇರುತ್ತದೆಂದು ತಿಳಿದು ಅಂದವಾಗಿ ಸುತ್ತಿ ಕೊಟ್ಟಿದ್ದ. ಆರಕ್ಕೆ ಕಾರ್ಯಕ್ರಮ. ಕಾರ್ಯದರ್ಶಿಗಳು ಮಾಮಾನ ಮನೆಗೆ ಓಡಿದರು.

ಮಾಮಾ ಬ್ರಶ್ಶು ಬಣ್ಣ ಹಿಡಿದು ಬಂದರು. ಫ್ಲೆಕ್ಸನ್ನು ಮಗುಚಿ ಹಾಕಿದರು. ಹಿಂಬದಿ ಬೆಳ್ಳಗೆ ಖಾಲಿ ಇತ್ತು. ನಾನು ಹೂದಾನಿ ಜೋಡಿಸುತ್ತ ಅಲ್ಲೇ ಇದ್ದೆ. ಕಾರ್ಯದರ್ಶಿಗಳು ಕೈ ಮುಗಿದು, ಸಾದಾ ಅಕ್ಷರ ಬರೆಯಿರಿ, ರುಮಾಲು ಸಮೇತ ಬರೆಯಿರಿ ಎಂದು ಬೇಡಿಕೊಂಡರು. ಮಾಮಾ ಒಣಗಿದ ಬ್ರಶ್ಶಿನ ಕೂದಲು ಬಿಡಿಸುತ್ತ ಹೇಳಿದರು:

“ನಾ ನನ್ನ ಅಕ್ಷರದಾಗ ಬರೀತೀನ್ರಿ. ಈ ಸಭಾದಾಗ ಒಬ್ಬರು ನೆಟ್ಟಗ ಓದಿದ್ರ ಇರ್ಲಿ. ಓದ್ಲಿಲ್ಲಂದ್ರ ಅಳಸಿ ಸಾದಾ ಬರದು ಕೊಡ್ತೀನಿ, ಮುಂದ ಬ್ರಶ್ ಮುಟ್ಟಂಗಿಲ್ಲ.”

ಬೇರೆ ದಾರಿ ಇರಲಿಲ್ಲ, ಒಪ್ಪಿದರು. ಮಾಮಾ ಮಂಡಿಯೂರಿ ಕೂತರು. ವೇದಿಕೆಯ ಹಿಂದಿನ ಅಡುಗೆಯವರಿಂದ ತಾಟು ತರಿಸಿಕೊಂಡರು. ಎಂದಿನಂತೆ ಅಕ್ಷರ ಕೂಗಲಿಲ್ಲ, ತುಟಿ ಬಿಗಿಹಿಡಿದೇ ಬರೆದರು. ಐದಕ್ಕೆ ಮುಗಿಯಿತು, ನಾಲ್ವರು ಹಿಡಿದು ಎತ್ತಿ ಕಟ್ಟಿದರು. ಕಪ್ಪು ಸೊನ್ನೆಗಳು, ಕಪ್ಪು ಗೀಟುಗಳು, ಎರಡು ಸಾಲು. ಸುಳ್ಳು ಯಾಕೆ, ಚೆನ್ನಾಗಿಯೇ ಕಂಡಿತು. ಆದರೆ ಓದಬೇಕಲ್ಲ!

ಮಂಡಳಿಯ ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರೊಬ್ಬರು ಮೊದಲ ಶಬ್ದದಲ್ಲೇ ನಿಂತರು. ಖಜಾಂಚಿಗಳು ತಲೆ ಓರೆ ಮಾಡಿದರು. ನಾನು ಎಲ್ಲ ದೇವರನ್ನೂ ನೆನೆದು ಪ್ರಯತ್ನಪಟ್ಟೆ. ಹದಿಮೂರು ವರ್ಷದ ಪರೀಕ್ಷೆಗಳಲ್ಲಿ ನಪಾಸಾದವಳು ಅಂದು ಹೇಗೆ ಪಾಸಾದೇನು? ಮಾಮಾ ಯಾರ ಮುಖವನ್ನೂ ನೋಡದೆ ಚಿಂದಿಗೆ ಸೀಮೆಎಣ್ಣೆ ಹಚ್ಚತೊಡಗಿದರು, ಅಳಿಸುವುದಕ್ಕೆ.

ಆಗ ಬಾಗಿಲ ಕಡೆಯಿಂದ ದನಿ ಬಂತು. “ಎಲ್ಲರಿಗೂ ಆದರದ ಸ್ವಾಗತ. ಕನ್ನಡ ಮಂಡಳಿಯ ವಾರ್ಷಿಕ ಸಮಾರಂಭ.”

ಮಾಮಿ. ಗಂಡ ಊಟ ಬಿಟ್ಟು ಬಂದಿದ್ದಾರೆಂದು ಡಬ್ಬಿ ಹಿಡಿದು ಬಂದು ನಿಂತಿದ್ದರು. ರೊಟ್ಟಿ ಬಡಿಯುವ ತಾಳದಲ್ಲಿ, ಎಲ್ಲಿಯೂ ತಡೆಯದೆ, ಎರಡು ಸಾಲನ್ನೂ ಓದಿ ಮುಗಿಸಿದ್ದರು. ಆಮೇಲೆ ಇಡೀ ಸಭೆ ತಮ್ಮನ್ನೇ ನೋಡುತ್ತಿರುವುದು ಕಂಡು ಸೆರಗು ಬಾಯಿಗೆ ಹಿಡಿದುಕೊಂಡರು.

ಯಾರೋ ಹೇಳಿಕೊಟ್ಟಿರಬೇಕೆಂದು ಕಾರ್ಯದರ್ಶಿಗಳಿಗೆ ಅನುಮಾನ. ಅಚ್ಚಾದ ಆಮಂತ್ರಣ ಪತ್ರಿಕೆ ಕೈಗೆ ಕೊಟ್ಟು, ಇದನ್ನು ಓದಿ ತಾಯಿ ಎಂದರು. ಅದರಲ್ಲೂ ಅದೇ ಎರಡು ಸಾಲು ಇತ್ತು. ಮಾಮಿ ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು.

“ಇದು ಯಾವ ಭಾಷಾರಿ?”

ಸಭೆ ನಗುವುದೋ ಬೇಡವೋ ತಿಳಿಯದೆ ನಿಂತಿತು. ನನಗೆ ಆಗ ಹೊಳೆಯಿತು. ಹದಿಮೂರು ವರ್ಷ ಅವರ ಕಿವಿಯ ಪಕ್ಕದಲ್ಲಿ ಒಬ್ಬರು ಪ್ರತಿ ಅಕ್ಷರದ ಹೆಸರು ಕೂಗುತ್ತ ಬರೆದಿದ್ದರು. ಆ ಹಾಳೆಗಳನ್ನೇ ಮಾಡಕ್ಕೆ ಹಾಸಿ, ಆ ಡಬ್ಬಿಗಳನ್ನೇ ದಿನಕ್ಕೆ ಹತ್ತು ಸಲ ತೆಗೆದು, ಅವರು ಓದು ಕಲಿತಿದ್ದರು. ಜಗತ್ತಿನಲ್ಲಿ ಅವರಿಗೆ ಓದಲು ಬರುವುದು ಒಬ್ಬ ಮನುಷ್ಯನ ಅಕ್ಷರ ಮಾತ್ರ.

ಮಾಮಾ ಸೀಮೆಎಣ್ಣೆಯ ಚಿಂದಿ ಹಿಡಿದುಕೊಂಡೇ ಹೆಂಡತಿಯ ಹತ್ತಿರ ಹೋದರು. “ನಿನಗ ಬರ್ತದಂತ ಯಾಕ ಹೇಳ್ಲಿಲ್ಲ?”

“ಊರ ಮಂದಿಗೆಲ್ಲಾ ಕೇಳಿದ್ರಿ” ಎಂದರು ಮಾಮಿ, ಡಬ್ಬಿಯ ಮುಚ್ಚಳ ಒತ್ತುತ್ತ. “ನನಗ ಒಮ್ಮಿನೂ ಕೇಳ್ಲಿಲ್ಲಲ್ರಿ.”

ಮಾಮಾ ಜೇಬಿನಿಂದ ಆ ರಟ್ಟು ತೆಗೆದರು. ಅಂಚೆಯವನಿಗೆ, ರಿಕ್ಷಾದವನಿಗೆ, ಭಟ್ಟರಿಗೆ, ನನಗೆ ಹಿಡಿದು ಹಿಡಿದು ಮೂಲೆ ಸವೆದ ರಟ್ಟು. ಅದನ್ನು ಹೆಂಡತಿಯ ಕೈಯಲ್ಲಿಟ್ಟರು. ಅಂದಿನ ಸಮಾರಂಭ ಆ ಎರಡು ಸಾಲಿನ ಕೆಳಗೇ ನಡೆಯಿತು. ಒಳಗೆ ಬಂದವರೆಲ್ಲ ಏನು ಬರೆದಿದೆ ಎಂದು ಮಾಮಿಯನ್ನು ಕೇಳಿ ಹೋಗುತ್ತಿದ್ದರು.

ಹದಿನೈದು ದಿನ ಬಿಟ್ಟು ನಾನು ಅವರ ಮನೆಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ಡಬ್ಬಿಗಳೆಲ್ಲ ಸಾಲಾಗಿ ಕೂತಿದ್ದವು. ಮಾಮಾ ಸಣ್ಣ ಬ್ರಶ್ಶು ಹಿಡಿದು, ತಮ್ಮ ಕರಿ ಅಕ್ಷರಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದೊಂದಾಗಿ ತಲೆಕಟ್ಟು ಇಡುತ್ತಿದ್ದರು. ಕೊಂಬು, ಬಾಲ, ಎಲ್ಲಿ ಏನು ಇರಬೇಕೋ ಅದೆಲ್ಲ. ನನ್ನ ಮಾಮಾ! ಹದಿಮೂರು ವರ್ಷ ಅಕ್ಷರಕ್ಕೆ ರುಮಾಲು ಸುತ್ತುವುದಿಲ್ಲವೆಂದು ಹಟ ಹಿಡಿದ ಮನುಷ್ಯ! ಏನಿದು ಎಂದೆ.

“ನನ್ನ ಅಕ್ಷರ ಓದಿ ಇಕಿ ಎಲ್ಲೆ ಹೋಗಬೇಕವಾ? ನಮ್ಮೂರ ಬಸ್ಸಿನ ಬೋರ್ಡ್ ಓದಬ್ಯಾಡೇನು, ಪೇಪರ್ ಓದಬ್ಯಾಡೇನು?” ಎಂದರು, ತಲೆ ಎತ್ತದೆ.

ಎಲ್ಲ ಡಬ್ಬಿಗಳೂ ಮುಗಿದು ಕೊನೆಗೆ ಸಕ್ಕರೆಯದು ಉಳಿದಿತ್ತು. ಮಾಮಾ ಅದರ ಕಡೆ ಕೈ ಚಾಚಿದರು. ಮಾಮಿ ಸದ್ದಿಲ್ಲದೆ ಆ ಡಬ್ಬಿಯನ್ನು ತಮ್ಮ ಹತ್ತಿರ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

“ಇದೊಂದು ಹಂಗ ಇರ್ಲಿ ಬಿಡ್ರಿ.”